ಹನ್ನೊಂದು ಸೆಕೆಂಡಿನ ಸದ್ದು

ನಮ್ಮ ಅತ್ತಿಗೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್‌ಗಳ ಮೆಕ್ಯಾನಿಕ್. ನೂರಿಪ್ಪತ್ತು ಮೆಷಿನ್‌ಗಳ ನಡುವೆ ಯಾವುದು ನರಳುತ್ತಿದೆ ಎಂಬುದು ಬೆನ್ನು ಮಾಡಿ ನಿಂತರೂ ಅವರಿಗೆ ಗೊತ್ತಾಗುತ್ತದೆ. ತಾನು ಕರೆದರೆ ಮಾತ್ರ ಕೇಳಿಸುವುದಿಲ್ಲ ಎಂದು ಅಣ್ಣ ಗೊಣಗುತ್ತಾನೆ.

ಫೋನಿನಲ್ಲಿ ಅವರದೊಂದು ಗುಂಪಿದೆ. ರಿಪೇರಿಯವರು, ದರ್ಜಿಗಳು ಸೇರಿ ಸಾವಿರಾರು ಜನ. ಅದನ್ನು ನೋಡಿಕೊಳ್ಳುವ ಮೂವರಲ್ಲಿ ಅತ್ತಿಗೆಯೂ ಒಬ್ಬರು. ಹಳಬರಿಗೆ ಹೊಸಬರೆಂದರೆ ತಲೆನೋವು. ಕೇಳಿದ್ದನ್ನೇ ಕೇಳುತ್ತಾರೆ, ಬಿಡಿಭಾಗಗಳ ಹೆಸರು ತಪ್ಪು ಬರೆಯುತ್ತಾರೆ ಎಂದು ಬೈದು ಬೈದು ಸಾಕಾಗಿ, ಹೊಸಬರು ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಬರೀ ಓದಬೇಕು ಎಂಬ ನಿಯಮ ತರಲು ಹೊರಟಿದ್ದರು. ಅತ್ತಿಗೆ ಒಪ್ಪಿರಲಿಲ್ಲ.

ಆ ವಾರವೇ, ಸೇರಿ ಎರಡು ದಿನವಾಗಿದ್ದ ಹೆಂಗಸೊಬ್ಬರು ಹನ್ನೊಂದು ಸೆಕೆಂಡಿನ ಸದ್ದು ಕಳಿಸಿದರು. ಮೆಷಿನ್ ಓಡುವ ಕಟಕಟ ಬಿಟ್ಟರೆ ಮಾತಿಲ್ಲ, ಅಕ್ಷರವಿಲ್ಲ. ಬಾಯಿಲ್ಲವೇ ಎಂದು ಯಾರೋ ನಕ್ಕರು. ಗುಂಪಿನ ಹಿರಿಯ ದರ್ಜಿಯೊಬ್ಬರು ಅಳಿಸಿಬಿಡಿ ಎಂದರು.

ಅತ್ತಿಗೆ ಒಲೆ ಆರಿಸಿ, ಫ್ಯಾನ್ ನಿಲ್ಲಿಸುವಂತೆ ನನಗೆ ಸನ್ನೆ ಮಾಡಿ, ಫೋನನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿದರು. ನಾಲ್ಕು ಸಲ ಕೇಳಿದರು. ಬಾಬಿನ್ ಕೂರುವ ಜಾಗದ ಹಿಂದೆ ದಾರದ ತುಂಡು ಸಿಕ್ಕಿಕೊಂಡಿದೆ, ಹೀಗೆ ಬಿಚ್ಚಿ ತೆಗೆಯಿರಿ ಎಂದು ಬರೆದರು. ಎಲ್ಲೋ ಇರುವ ಮೆಷಿನ್ನಿನ ಹೊಟ್ಟೆಯೊಳಗೆ ಇಣುಕಿದ್ದಾರೇನೋ ಎಂದು ನಾನು ಬೆರಗಾಗಿ ಕೂತಿದ್ದೆ.

ಮರುದಿನ ಮಧ್ಯಾಹ್ನ ಉತ್ತರ ಬಂತು. ಹೊರತೆಗೆದ ದಾರದ ಫೋಟೊ, ಕೆಳಗೆ ನಾಲ್ಕು ಸಾಲು:

"ನಂಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ ಅಕ್ಕ. ಮೆಷಿನ್ ಮೇಲೆ ಕೈ ಇಟ್ರೆ ನಡುಕ ಬೇರೆ ಥರ ಇತ್ತು. ನಿಮಗೆ ಅದು ಸದ್ದಾಗಿ ಕೇಳ್ಸುತ್ತೇನೋ ಅಂತ ಕಳಿಸ್ದೆ. ಹೆಸರು ತಪ್ಪಾದ್ರೆ ಬೈತಾರೆ ಅಂತ ಏನೂ ಬರೀಲಿಲ್ಲ."

ಅತ್ತಿಗೆ ಅದನ್ನು ಎರಡು ಸಲ ಓದಿ ಫೋನನ್ನು ಅಣ್ಣನ ಕೈಗಿಟ್ಟರು.

"ನಾನು ಕಿವೀಲಿ ಕೇಳಿದ್ದನ್ನ ಅವಳು ಅಂಗೈಲಿ ಕೇಳಿದಾಳೆ ಕಣ್ರೀ," ಎಂದರು. "ಇಪ್ಪತ್ತು ವರ್ಷದಿಂದ ಇದೇ ಕೆಲಸ. ನಂಗೆ ಹೊಳೀಲೇ ಇಲ್ಲ."

ಗುಂಪಿನಲ್ಲಿ ಮೊದಲು ಬರೆದವರು ಆ ಹಿರಿಯ ದರ್ಜಿಯೇ, ಕ್ಷಮೆ ಕೇಳಿದರು. ಮೂರು ತಿಂಗಳ ನಿಯಮ ಬಿದ್ದುಹೋಯಿತು. ಬದಲಿಗೆ, ಹೊಸಬರ ಮೊದಲ ಪ್ರಶ್ನೆ ಹೇಗೇ ಇರಲಿ, ಹಳಬರೊಬ್ಬರು ವಹಿಸಿಕೊಂಡು ದಡ ಮುಟ್ಟಿಸಬೇಕು, ತಪ್ಪು ತಿದ್ದುವುದು ಆಮೇಲೆ ಎಂದಾಯಿತು. ಗೊಣಗಿದವರೂ ಪಾಳಿ ಹಾಕಿಕೊಂಡರು.

ಆ ಹೆಂಗಸನ್ನು ಅತ್ತಿಗೆ ಇನ್ನೂ ಕಣ್ಣಲ್ಲಿ ಕಂಡಿಲ್ಲ. ಆದರೆ ಭಾನುವಾರಗಳಂದು ಆಕೆ ಬರೆದು ಹೇಳಿಕೊಟ್ಟಂತೆ ಅಂಗೈಲಿ ಕೇಳುವ ಪಾಠ ನಡೆಯುತ್ತದೆ. ಅಣ್ಣ ಪೆಡಲ್ ತುಳಿಯುತ್ತಾನೆ. ಅತ್ತಿಗೆ ಕಿವಿಗೆ ಹತ್ತಿ ತುರುಕಿಕೊಂಡು ಮೆಷಿನ್ ಮೇಲೆ ಅಂಗೈ ಊರಿ ಕೂರುತ್ತಾರೆ. ಇನ್ನೂ ಸರಿಯಾಗಿ ಬಂದಿಲ್ಲವಂತೆ.