ವಾಡೆಗೆ ಕೊಟ್ಟ ಮಾತು

ದೆವ್ವ, ಗಾಳಿ ಎಂದವರನ್ನು ನಾನು ಗೇಲಿ ಮಾಡುತ್ತಿದ್ದೆ. ಗೋಡೆಯ ದಪ್ಪ, ತೊಲೆಯ ಉದ್ದ ಅಳೆಯಲು ಕಲಿಯುತ್ತಿದ್ದವಳು ನಾನು. ಅಳತೆಗೆ ಸಿಗದ್ದೆಲ್ಲ ಸುಳ್ಳೆಂಬ ಜಂಬ ಬೇರೆ. ಆ ಜಂಬ ಈಗಿಲ್ಲ. ಅದರ ಜಾಗದಲ್ಲಿ ಏನಿದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ನಾಗಪುರದಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗ ತರಬೇತಿಗೆಂದು ನನ್ನನ್ನು ಮೌದಾದ ಆಚೆಗಿನ ಹಳ್ಳಿಯ ಒಂದು ಹಳೆಯ ಜಮೀನ್ದಾರರ ವಾಡೆಗೆ ಕಳಿಸಿದರು. ಅದರ ದುರಸ್ತಿ ಆಗುವುದಿತ್ತು. ಬಾಗಿಲು, ಕಿಟಕಿಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಕೆಲಸ. ಅಲ್ಲಿ ಯಾರೂ ವಾಸವಿರಲಿಲ್ಲ. ಕಾವಲಿನ ಕುಸುಮಬಾಯಿಯೊಬ್ಬರೇ ನನಗೆ ಜೊತೆ.

ಸಂಜೆ ಹೊರಡುವಾಗ ಹೊಸ್ತಿಲಲ್ಲಿ ನಿಂತು "ಬರ್ತೀನ್ರಿ" ಎನ್ನುತ್ತಿದ್ದೆ. ಖಾಲಿ ಮನೆಗೇಕೆ ಎಂದರೆ, ರೂಢಿ. "ಹೋಗ್ತೀನಿ" ಎಂದರೆ ಅವ್ವ ಬಾಯಿಯ ಮೇಲೆ ಹೊಡೆಯುತ್ತಿದ್ದಳು. ಅಪ್ಪ ವಾಯುಪಡೆಯವರು, ಆ ಅಪಶಕುನದ ಮಾತಿಗೆ ನಮ್ಮ ಮನೆಯಲ್ಲಿ ಒಂದು ಕೈ ಹೆಚ್ಚೇ ಭಯ.

ಒಂದು ಸಂಜೆ ಕುಸುಮಬಾಯಿ ನಾನು ಹೇಳಿದ್ದರ ಅರ್ಥ ಕೇಳಿದರು. "ನಿಮ್ಮ 'ಯೇತೆ' ಇದೆಯಲ್ಲ, ಅದೇ" ಎಂದೆ. ಅವರ ಮುಖ ಇಳಿಯಿತು.

"ಇಥೆ 'ಯೇತೆ' ಮ್ಹಣೂ ನಕೋ, ಪೋರಿ" ಎಂದರು. ಇಲ್ಲಿ ಬರ್ತೀನಿ ಅನ್ನಬೇಡ. ಹಿಂದೆ ಈ ಮನೆಯ ಒಬ್ಬಳೇ ಮಗಳು "ಯೇತೆ" ಎಂದು ಹೋದವಳು ತಿರುಗಿ ಬರಲಿಲ್ಲವಂತೆ. ತಾಯಿ ಸಾಯುವವರೆಗೂ ಬಾಗಿಲಲ್ಲೇ ಕಾದಳಂತೆ. ಅಂದಿನಿಂದ ಇಲ್ಲಿ ಎಲ್ಲರೂ "ಜಾತೆ" ಎಂದೇ ಹೇಳುತ್ತಾರೆ, ಹೋಗ್ತೀನಿ ಎಂದು. ನಾನು ನಕ್ಕೆ. ನನ್ನ ರೂಢಿ ಬಿಡಲಿಲ್ಲ.

ನಾಗಪುರದ ಆಸ್ಪತ್ರೆಯಲ್ಲಿ ಅಪ್ಪನಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಒಂದು ಮಧ್ಯಾಹ್ನ ಅವ್ವನ ಫೋನ್ ಬಂತು: "ಆಪರೇಷನ್ ಇವತ್ತ ಮಾಡ್ತಾರಂತ. ಒಳಗ ಒಯ್ಯೂಕಿಂತ ಮೊದ್ಲ ನಿನ್ನ ನೋಡಬೇಕಂತಾರ ಅಪ್ಪ. ಜಲ್ದಿ ಬಾ." ಕುಸುಮಬಾಯಿ ಆಟೋ ಕರೆಯಲು ಓಡಿದರು, ಮೇ ತಿಂಗಳ ಬಿಸಿಗಾಳಿ ಬರದಿರಲೆಂದು ಬಾಗಿಲು ಮುಂದೆ ಮಾಡಿಕೊಂಡು. ಮತ್ತೆ ಯಾವಾಗ ಬರುತ್ತೇನೋ ಎಂದು ನನ್ನ ಸಾಮಾನನ್ನೆಲ್ಲ ಕಟ್ಟಿದೆ. ಬಾಗಿಲಿಗೆ ಬಂದು "ಬರ್ತೀನ್ರಿ" ಎಂದು ಎಳೆದೆ.

ಬಾಗಿಲು ಅಲುಗಲಿಲ್ಲ. ನಾನೇ ಅಳೆದಿದ್ದ ಬಾಗಿಲು ಅದು. ಅಗಳಿ, ಚಿಲಕ ಎರಡನ್ನೂ ಕಳಚಿ ರಿಪೇರಿಗೆ ಕಳಿಸಿದ್ದೆವು. ಮಳೆಗಾಲದಲ್ಲಾದರೆ ಮರ ಉಬ್ಬಿ ಬಿಗಿಯಿತು ಎನ್ನಬಹುದಿತ್ತು. ಆ ಬಿಸಿಲಿಗೆ ಮರ ಕುಗ್ಗಿ, ಬೆಳಗ್ಗೆ ಒಂದೇ ಬೆರಳಿಗೆ ತೆರೆದಿತ್ತು. ಕಿಟಕಿಗಳಿಗೆಲ್ಲ ಸರಳು. ಹಿಂಬಾಗಿಲಿಗೆ ಎಂದೋ ಇಟ್ಟಿಗೆ ಕಟ್ಟಿದ್ದರು. ಹೊರಗಿನಿಂದ ಕುಸುಮಬಾಯಿ, ಆಟೋದವನು ಇಬ್ಬರೂ ಸೇರಿ ತಳ್ಳಿದರು. ನಾನು ಒಳಗಿನಿಂದ ಉಗುರು ಕೀಳುವಂತೆ ಎಳೆದೆ. ಚೀಲದಲ್ಲಿ ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ನನಗೆ ಅಳು ಬಂತು.

"ಜಾತೆ ಮ್ಹಣ, ಪೋರಿ! ಜಾತೆ ಮ್ಹಣ!" ಕುಸುಮಬಾಯಿ ಕೂಗಿದರು.

"ಜಾತೆ" ಎಂದೆ. ಕಿರುಚಿಯೂ ಹೇಳಿದೆ. ಏನೂ ಆಗಲಿಲ್ಲ. ಮರಾಠಿಯಲ್ಲಿ ಅದು ನನಗೆ ಬರೀ ಬಾಯಿಮಾತು, ಹೇಳುವುದು ಸುಲಭ. ಕನ್ನಡದ "ಹೋಗ್ತೀನಿ" ಹಾಗಲ್ಲ. ಅಪ್ಪನನ್ನು ಒಳಗೆ ಒಯ್ಯುವ ಹೊತ್ತಿನಲ್ಲಿ ಆ ಮಾತನ್ನು ಹೇಗೆ ಆಡಲಿ? ಆಡದೆ ಅವರ ಬಳಿ ಹೇಗೆ ಹೋಗಲಿ? ಬಾಗಿಲಿಗೆ ಹಣೆ ಹಚ್ಚಿ, ಅಲ್ಲಿ ಕಾದಿದ್ದ ಆ ತಾಯಿಗೆ ಎಂಬಂತೆ ಮೆಲ್ಲಗೆ ಹೇಳಿದೆ: "ಹೋಗ್ತೀನಬೇ ಯವ್ವಾ. ಮತ್ತ ಬರೂದಿಲ್ಲ."

ಬಾಗಿಲು ಎಷ್ಟು ಹಗುರಾಗಿ ತೆರೆಯಿತೆಂದರೆ ತಳ್ಳುತ್ತಿದ್ದ ಇಬ್ಬರೂ ನನ್ನ ಮೇಲೆಯೇ ಬಿದ್ದರು.

ಅಪ್ಪನನ್ನು ಒಳಗೆ ಒಯ್ಯುವ ಮೊದಲು ಆಸ್ಪತ್ರೆ ಮುಟ್ಟಿದೆ. ಅವರು ಉಳಿದರು, ಈಗ ಪ್ರತಾಪ ನಗರದಲ್ಲಿ ದಿನಾ ವಾಕಿಂಗ್ ಹೋಗುತ್ತಾರೆ. ನಾನು ಉಳಿದ ತರಬೇತಿಯನ್ನು ಬೇರೆ ಕಡೆ ಮುಗಿಸಿದೆ. ಚೌಕಟ್ಟು ಸರಿದಿರಬೇಕು, ಗಾಬರಿಯಲ್ಲಿ ಕೈಗೆ ಬಲ ಬಂದಿರಲಿಕ್ಕಿಲ್ಲ ಎಂದು ಕಾಲೇಜಿನ ಮೇಷ್ಟ್ರು ಹೇಳಿದರು. ಇರಬಹುದು.

ಆದರೆ ಅದು ಮರಾಠಿ ಮನೆ. ಅದಕ್ಕೆ ಕನ್ನಡ ಕಲಿಸಿದವರು ಯಾರು ಎಂದು ಯೋಚಿಸುತ್ತೇನೆ. ದಿನಾ ಸಂಜೆ ಹೊಸ್ತಿಲಲ್ಲಿ ನಿಂತು ನಾನೇ ಕಲಿಸಿದೆನೇನೋ.