ಕಾರು ಜಾರಲಿಕ್ಕೆ ಸಿದ್ದವ್ವನ ಕಣ

ಸೂರ್ಯ ಇನ್ನೂ ಬಾದಾಮಿಯ ಬಂಡೆ ಹತ್ತಿಲ್ಲ. ಮಹಾಕೂಟದ ದಾರಿ ಮಗ್ಗುಲಿನ ಹೊಲದಲ್ಲಿ ಸಿದ್ದವ್ವ ಸೆರಗು ಬಿಗಿದು, ಶೆಗಣಿ ನೀರಿನ ಬಕೀಟು ಪಕ್ಕಕ್ಕಿಟ್ಟುಕೊಂಡು, ಕುಕ್ಕರಗಾಲಲ್ಲಿ ಹಿಂದಹಿಂದಕ್ಕೆ ಸರಿಯುತ್ತ ಕಣ ಸಾರಿಸುತ್ತಿದ್ದಾಳೆ. ಕೈಗೆ ಸಮನಾಗಿ ಬಾಯಿಯೂ ನಡೆದಿದೆ. ಸಾರಿಸಿದ ಮೊಳಕ್ಕೊಂದು ಬೈಗುಳ.

"ನಿನ್ನ ಗಾಲಿ ಕಳಚಿ ಬೀಳ್ಲಿ, ನಿನ್ನ ಹೀರೋನ ಕೂದಲಾ ಉದರ್ಲಿ, ಆ ಕೃಷ್ಣಾಜಿಯ ನಾಲಿಗ್ಗಿ ಕುರುವಾಗ್ಲಿ!"

ಜೋಳ ತುಳಿಸಲು ಮಾಡಿದ ಕಣ ಇದು. ಮೂರು ವಾರದಿಂದ ಇದರ ಮೇಲೆ ಒಂದು ಕಾಳೂ ಬಿದ್ದಿಲ್ಲ. ಬಿದ್ದದ್ದು ಸಿನಿಮಾ ಕಂಪನಿಯ ಕಣ್ಣು.

ಕಂಪನಿ ತಂದಿರುವ ಕೆಂಪು ಕಾರು ಪರದೇಶದ್ದು, ಇಬ್ಬರಿಗಷ್ಟೇ ಜಾಗ. ಎಂಜಿನ್ನು ಮುಂದೂ ಇಲ್ಲ, ಡಿಕ್ಕಿಯಲ್ಲೂ ಇಲ್ಲ, ಓಡಿಸುವವನ ಬೆನ್ನಿಗೆ ಆತುಕೊಂಡು ಕುಂತಿದೆ. ಅದರ ಜೋರೆಲ್ಲ ಹಿಂದಿನ ಎರಡು ಗಾಲಿಗೆ. ನಾಯಕ ಈ ಕಾರನ್ನು ಅಡ್ಡಡ್ಡ ಜಾರಿಸುತ್ತ ಗಿರಗಿರ ಸುತ್ತು ಹೊಡೆಯಬೇಕಂತೆ. ಡಾಂಬರಿನ ಮೇಲೆ ಜಾರಿಸಿದರೆ ಟೈರು ಸವೆಯುತ್ತದೆ, ಅಂಥ ಟೈರು ಬೊಂಬಾಯಿಯಲ್ಲೂ ಸಿಗದು. ಗರಸಿನ ದಾರಿಯಲ್ಲಿ ಕಲ್ಲು ಟೈರು ಕೊಯ್ಯುತ್ತದೆ, ಹೊಲದಲ್ಲಿ ಗಾಲಿ ಹೂಳುತ್ತದೆ. ಆಗ ಕಂಪನಿಯ ಮ್ಯಾನೇಜರು, ಬಾಗಲಕೋಟೆಯ ಕೃಷ್ಣಾಜಿ, ಬಂದು ಸಿದ್ದವ್ವನ ಮುಂದೆ ಕೈಮುಗಿದ. ಎಂಟು ದಿನದ ಮಾತು, ಶಿವರಾತ್ರಿಗೆ ಕಣ ವಾಪಸು. ಆಕೆ ನಂಬಿದಳು. ಮಗ್ಗುಲಿನ ನೆಲವನ್ನೂ ಕೂಡಿಸಿ, ನೀರು ಬಿಟ್ಟು ತುಳಿದು, ಬಡಿದು, ಮೂರು ಕಣದಷ್ಟು ಅಗಲ ಮಾಡಿಕೊಟ್ಟಳು.

ಶಿವರಾತ್ರಿ ಬಂತು, ಹೋಯಿತು. ಕೊಯ್ದ ತೆನೆ ಹೊಲದ ಮೂಲೆಯಲ್ಲಿ ಗುಂಪಿಯಾಗಿ ಬಿದ್ದಿದೆ. ಹಗಲು ಗುಬ್ಬಿ, ರಾತ್ರಿ ಹೆಗ್ಗಣ. ಸಿದ್ದವ್ವ ಎದ್ದು ನಿಂತು, ಇಲ್ಲದ ಚಾಳೀಸನ್ನು ಮೂಗಿನ ಮೇಲೆ ಏರಿಸಿ, ಕತ್ತು ಓರೆ ಮಾಡಿ ಕೃಷ್ಣಾಜಿಯೇ ಆಗಿಬಿಡುತ್ತಾಳೆ. "'ನಾಳಿ ಬಿಡ್ತೇವಿ ಸಿದ್ದವ್ವಾ, ಖರೇನ ನಾಳಿ.' ಇವನ ನಾಳಿಗಿ ನಾಳಿ ಹುಟ್ಟಿ ಮೊಮ್ಮಕ್ಕಳಾದೂವು!"

ಅವರಿಗೆ ಶೂಟಿಂಗು, ಈಕೆಗೆ ಒಂದು ದಿನ ಸೂಟಿಯಿಲ್ಲ. ಗಂಡ ತೀರಿಕೊಂಡ ಮೇಲೆ ಎತ್ತು ಹೋದವು, ಹೊಲ ಉಳಿಯಿತು, ಈ ಕೈ ಉಳಿಯಿತು. ಊರಿನ ಅರ್ಧ ಕಣಗಳು ಈ ಕೈಯಲ್ಲೇ ಆಗುತ್ತವೆ. ಈಗ ಮುಂಜಾನೆ ಹತ್ತು ಬುಟ್ಟಿ ಶೆಗಣಿ ಕಲಸುತ್ತಾಳೆ. ಒಂಬತ್ತಕ್ಕೆ ಕಾರು ಬಂದು ಎಲ್ಲವನ್ನೂ ಕೆರೆದು ಹಾಕುತ್ತದೆ. ಸಾರಿಸದೆ ಬಿಟ್ಟರೆ ಬಿರುಕು ಬಿಟ್ಟು ಕಣವೇ ಕೆಡುತ್ತದೆ. ಸಾರಿಸಿದರೆ ಕಂಪನಿಗೆ ಮತ್ತೊಂದು ದಿನ ಆರಾಮ.

"ಕಣಕ್ಕ ಕೆರಾ ಬಿಟ್ಟ ಬರಬೇಕ್ರಿ, ಇದು ನಮ್ಮ ರೂಢಿ. ಇವರು ಬೂಟ ಹಾಕ್ಕೊಂಡs ತಿರಗ್ಯಾಡ್ತಾರ. ಆ ಕಾರಂತೂ ನಾಕೂ ಕಾಲಿಗಿ ಕೆರಾ ಮೆಟ್ಟಿಕೊಂಡ ಕುಣೀತೈತಿ!" ಎಂದು ನೋಡಲು ಬಂದವರ ಮುಂದೆ ದೂರುತ್ತಾಳೆ.

ಕುಣಿಸುವವನು ನಾಯಕನಲ್ಲ. ಅವನ ಕೂದಲಿನಂಥ ಟೋಪನ್ನು ತಲೆಗೇರಿಸಿಕೊಂಡ ಇಳಕಲ್ಲಿನ ಸುಭಾನಸಾಬ, ಕಲ್ಲಿನ ಖಣಿಯ ಲಾರಿ ಡ್ರೈವರು. "ಕಾರಿನ ಹಿಂದಿನ ಬುಡ ಎಡಕ ಹೊಂಟ್ರ ಸ್ಟೇರಿಂಗೂ ಎಡಕ ಹಿಡೀಬೇಕ್ರಿ, ಎಕ್ಸಲೇಟರ್ ಬಿಡಬಾರದು" ಎನ್ನುತ್ತಾನೆ. "ಆದ್ರ ಇದರ ವಜ್ಜಿ ಎಲ್ಲಾ ನಡುವ ಐತಿ ನೋಡ್ರಿ, ಕೈ ತಪ್ಪಿದ್ರ ಬುಗುರಿ ಆಗಿಬಿಡ್ತೈತಿ. ಒಂದ ಕಡೆ ಹಸಿ, ಒಂದ ಕಡೆ ಒಣಾ ಇತ್ತಂದ್ರ ನಾ ಹೋಗಿ ಬೇಲ್ಯಾಗ ಬೀಳಾಂವ. ಈ ಯವ್ವನ ಕೈಯಾಗ ನನ್ನ ಜೀವ ಐತ್ರಿ."

"ನಿನ್ನ ಜೀವಾ ಇರಲಿ, ನನ್ನ ಜ್ವಾಳಾ ಯಾವಾಗ?" ಎಂದು ಸಿದ್ದವ್ವ ಅವನಿಗೂ ಬಿಡುವುದಿಲ್ಲ.

ಇಡೀ ಓಟವನ್ನು ನಾಯಕನೇ ಓಡಿಸಿದ್ದೆಂದು ಕಂಪನಿ ಈಗಾಗಲೇ ಸುದ್ದಿ ಹಬ್ಬಿಸಿದೆ. ಹಸೀ ಸುಳ್ಳು. ಅಲ್ಲಿ ಹಸಿಯಾಗಿದ್ದದ್ದು ಸಿದ್ದವ್ವನ ನೆಲ ಮಾತ್ರ.

ಗುರುವಾರ ಸಂಜೆ ಪಡುವಣದಲ್ಲಿ ಮೋಡ ಕಟ್ಟುತ್ತದೆ. ಒಂದು ಅಡ್ಡಮಳೆ ಬಿದ್ದರೆ ಸಾಕು, ಕಾಳು ಕಪ್ಪು, ವರ್ಷದ ರೊಟ್ಟಿ ಕಹಿ. ಶುಕ್ರವಾರ ಬೆಳಗ್ಗೆ ಕಂಪನಿ ಬಂದು ನೋಡಿದರೆ ಕಣದ ನಟ್ಟನಡುವೆ ಆಳೆತ್ತರದ ಕಂಬ, ಅದಕ್ಕೆ ವಿಭೂತಿ, ಬುಡದಲ್ಲಿ ಒಡೆದ ತೆಂಗಿನಕಾಯಿ. ಅದು ಮೇಟಿ. ತೆನೆ ತುಳಿಯುವ ಎತ್ತು ಅದರ ಸುತ್ತಲೇ ತಿರುಗಬೇಕು. ಪೂಜೆ ಮಾಡಿ ನೆಟ್ಟ ಮೇಟಿಯನ್ನು ರಾಶಿ ಮುಗಿಯುವ ತನಕ ಕೀಳುವಂತಿಲ್ಲ.

"ಒಂದs ಶಾಟ್ ಉಳದೈತಿ ಸಿದ್ದವ್ವಾ!" ಕೃಷ್ಣಾಜಿ ಕೈಕೈ ಹಿಸುಕುತ್ತಾನೆ.

"ನಂದೂ ಒಂದs ರಾಶಿ ಉಳದೈತಿ. ನಡೀ ಆಚಿಗಿ, ಕೆರಾ ಬಿಚ್ಚು ಮೊದಲ."

ನಿರ್ದೇಶಕರು ಕೂಗುವ ಭೋಂಗಾ ಬಾಯಿಗೆ ಎತ್ತುತ್ತಾರೆ. "ಸುಭಾನ್, ಏನ್ ನೋಡ್ತಾ ಇದೀರಾ? ಆ ಕಂಬಕ್ಕೆ ಹಗ್ಗ ಕಟ್ಟಿ, ಕಾರಲ್ಲೇ ಎಳೆದು ಬಿಸಾಕಿ!"

ಸುಭಾನಸಾಬ ಎಂಜಿನ್ನು ಬಂದ್ ಮಾಡುತ್ತಾನೆ. ಕೆಳಗಿಳಿದು ತಲೆಯ ಟೋಪು ತೆಗೆದು ಸೀಟಿನ ಮೇಲೆ ಇಡುತ್ತಾನೆ. "ಅದು ಕಂಬ ಅಲ್ರಿ ಸಾಹೇಬ್ರ, ಮೇಟಿ. ನಮ್ಮ ಮನ್ಯಾಗೂ ಜ್ವಾಳದ ರೊಟ್ಟೀನs ತಿಂತೇವಿ."

"ನಾಳೆಯಿಂದ ಬರಬೇಡಿ ನೀವು!"

"ನಾಳಿ ಯಾಕ್ರಿ, ಈಗs ಹೊಂಟೆ."

ಬಿಸಿಲೇರುವ ಹೊತ್ತಿಗೆ ಕೆಂಪು ಕಾರು ಲಾರಿ ಹತ್ತಿದೆ. ಯಾರೂ ಸಿದ್ದವ್ವನಿಗೆ ಒಂದು ಮಾತು ಹೇಳಿಲ್ಲ, ಹೋಗಿಬರುತ್ತೇವೆ ಅಂತ ಸಹ. ಎರವಲು ತಂದ ಎತ್ತುಗಳು ಬೇಲಿಯ ನೆರಳಲ್ಲಿ ಕಾಯುತ್ತಿವೆ. ಸುಭಾನಸಾಬ ಬರಿಗಾಲಲ್ಲಿ ತೆನೆ ಹೊರುತ್ತಿದ್ದಾನೆ. ಕಾರು ನಿಲ್ಲುತ್ತಿದ್ದ ಕಡೆ ಎಂಜಿನ್ ಎಣ್ಣೆ ಸೋರಿ ನೆಲ ಕರ್ರಗಾಗಿದೆ. ಸಿದ್ದವ್ವ ಕುರುಪಿ ಹಿಡಿದು ಅದನ್ನು ಕೆತ್ತುತ್ತಾಳೆ.

ಸಿನಿಮಾದಲ್ಲಿ ನಿನ್ನ ಹೆಸರು ಹಾಕಬೇಕಿತ್ತೇ ಎಂದು ಕೇಳಿದರೆ ಕೆಕ್ಕರಿಸಿ ನೋಡುತ್ತಾಳೆ. "ನನ್ನ ಹೆಸರ ತುಗೊಂಡ ಅವರೇನ ಮಾಡ್ತಾರ? ಈ ವರ್ಸದ ರೊಟ್ಟೀಗಿ ಎಣ್ಣಿ ನಾತಾ ಬರಬಾರ್ದು, ಅಷ್ಟ ಸಾಕು."

ಒಂದು ಹಿಡಿ ಮಣ್ಣೆತ್ತಿ ಮೂಸಿ ನೋಡುತ್ತಾಳೆ. "ಇನ್ನೂ ಐತಿ, ಹಾಟ್ಯಾನ ಮಕ್ಕಳ್ದು" ಎಂದು ಬೈದು, ಇನ್ನೊಂದು ಗೇಣು ಆಳಕ್ಕೆ ಕುರುಪಿ ಹಾಕುತ್ತಾಳೆ.