ಒಂದೇ ತೊಲೆಗೆ ಎರಡು ಹೆಗಲು

ಇಗರ್ಜಿಯ ಮಾತೆಯ ಪಲ್ಲಕ್ಕಿ ಮೆರವಣಿಗೆಯ ಆ ಬೆಳಿಗ್ಗೆ ಎರ್ಲಿಂಡಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆಂಟಿಗುವಾದ ಬೀದಿ ತುಂಬ ಬಣ್ಣದ ಮರದ ಪುಡಿಯ ರಂಗೋಲಿ, ಮೂಲೆ ಮೂಲೆಗೂ ಧೂಪದ ಹೊಗೆ. ಹಾಲಿನ ಮಿಠಾಯಿ ಅಂಗಡಿಗೆ ಬೀಗ ಜಡಿದು, ಬಿಳಿ ಮುಸುಕು ಹೊದ್ದು, ಸೊಸೆ ಒಡೀಲಿಯಾಳನ್ನು ದರದರ ಎಳೆದುಕೊಂಡು ಹೊರಟಿದ್ದಳು.

"ಬೇಗ ಬಾರೇ! ಮಾತೆ ನಿನಗೋಸ್ಕರ ಕಾಯ್ತಾಳಾ?"

"ಪಲ್ಲಕ್ಕಿ ಎಲ್ಲಿಗೂ ಓಡಿಹೋಗಲ್ಲ ಅತ್ತೆ. ನೋಡಿ, ನಮ್ಮ ಇಗರ್ಜಿ ಥೇಟ್ ನಿಮ್ಮ ಹಾಗೇ, ಕುಳ್ಳಿ, ದಪ್ಪ!"

"ಕುಳ್ಳಗಿರೋದಕ್ಕೇ ನಿಂತಿದೆ ಕಣೇ. ಎತ್ತರದವೆಲ್ಲ ಭೂಕಂಪಕ್ಕೆ ಮಕಾಡೆ ಬಿದ್ವು."

ನಿಜವೇ. ಹಿಂದೆ ಈ ಊರೇ ರಾಜಧಾನಿಯಾಗಿತ್ತು; ಭೂಮಿ ನಡುಗಿದ್ದೇ ತಡ, ರಾಜಧಾನಿ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋಯಿತು. ಇಗರ್ಜಿ ಹೋಗಲಿಲ್ಲ, ಎರ್ಲಿಂಡಾಳ ಮನೆತನವೂ ಹೋಗಲಿಲ್ಲ.

ಹೋದ ವರ್ಷ ಹೆರಿಗೆಯಲ್ಲಿ ಒಡೀಲಿಯಾ ಸಾವಿನ ದವಡೆಗೆ ಹೋಗಿ ಬಂದಿದ್ದಳು. ಆಗ ಎರ್ಲಿಂಡಾ ಮಾತೆಯ ಮುಂದೆ ಮಂಡಿಯೂರಿ ಹರಕೆ ಹೊತ್ತಳು: 'ಇವಳನ್ನು ಉಳಿಸು ತಾಯೀ. ಅತ್ತೆ ಸೊಸೆ ಪಲ್ಲಕ್ಕಿಯ ಒಂದೇ ತೊಲೆಗೆ ಹೆಗಲು ಕೊಟ್ಟು ನಿನ್ನನ್ನು ಇಗರ್ಜಿಯ ಹೊಸ್ತಿಲು ದಾಟಿಸುತ್ತೇವೆ.' ಸೊಸೆ ಉಳಿದಳು. ಮೊಮ್ಮಗ ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾನೆ. ಆದರೆ ಆ ಗಾಬರಿಯಲ್ಲಿ ಪುಣ್ಯಾತ್ಗಿತ್ತಿ ಒಂದನ್ನು ಮರೆತಿದ್ದಳು. ಹೊರುವವರ ಹೆಗಲಿನ ಎತ್ತರ ಅಳೆದು, ಸಮ ಎತ್ತರದವರನ್ನೇ ಒಂದು ತೊಲೆಗೆ ಹಾಕುವುದು ಇಲ್ಲಿನ ರೂಢಿ. ಸೊಸೆಯೋ ಜೋಳದ ದಂಟು, ಅತ್ತೆ ಅದರ ಬುಡದ ಕುಂಬಳಕಾಯಿ!

ಅಳತೆಯ ದಿನ ಎರ್ಲಿಂಡಾ ಉದ್ದ ಲಂಗದೊಳಗೆ ಎತ್ತರದ ಹಿಮ್ಮಡಿಯ ಚಪ್ಪಲಿ ಮರೆಸಿಕೊಂಡು ಹೋಗಿ ಗೋಡೆಗೆ ಒರಗಿ ನಿಂತಳು. ಸೊಸೆಯ ಪಕ್ಕದ ಜಾಗ ಸಿಕ್ಕೇಬಿಟ್ಟಿತು. ಮನೆಗೆ ಬಂದು ಕುಣಿದದ್ದೇ ಕುಣಿದದ್ದು.

ಇವತ್ತೂ ಅದೇ ಚಪ್ಪಲಿ. ಆದರೆ ಸಾಲು ನಿಲ್ಲಿಸುವ ರೆಫೂಜಿಯಾಳ ಕಣ್ಣು ಹದ್ದಿನ ಕಣ್ಣು.

"ಇದೇನಕ್ಕಾ, ಕಲ್ಲುಹಾಸಿನ ಮೇಲೆ ಇದನ್ನ ಹಾಕ್ಕೊಂಡು ಹೊರ್ತೀರಾ? ನೀವು ಬಿದ್ರೆ ಮಾತೆಯೂ ಬೀಳ್ತಾಳೆ. ಬಿಚ್ಚಿ! ಈಗ ಸಾಲು ಬದಲಾಯಿಸೋಕೂ ಹೊತ್ತಿಲ್ಲ, ಅಲ್ಲೇ ನಿಂತ್ಕೊಳ್ಳಿ."

ಎರ್ಲಿಂಡಾ ಇಗರ್ಜಿಯೊಳಗೆ ಬರಿಗಾಲಲ್ಲಿ ನಿಂತಳು. ನಗಾರಿ ಗುಡುಗಿತು, ಪಲ್ಲಕ್ಕಿ ಮೇಲೆದ್ದಿತು. ತೊಲೆ ಅವಳ ಹೆಗಲಿಂದ ಅರ್ಧ ಗೇಣು ಮೇಲೆ ತೇಲುತ್ತಿತ್ತು. ತುದಿಗಾಲಲ್ಲಿ ನಿಂತಳು. ಊಹೂಂ, ತಾಗಲಿಲ್ಲ. ಬಾಗಿಲು ಹತ್ತಿರವಾಗುತ್ತಿತ್ತು.

"ಅಯ್ಯೋ ಒಡೀಲಿಯಾ, ಹರಕೆ ಸುಳ್ಳಾಗುತ್ತಲ್ಲೇ! ನಿನಗೇನಾದ್ರೂ ಆದ್ರೆ?"

"ಸುಮ್ನಿರಿ ಅತ್ತೆ, ನನಗೇನೂ ಆಗಲ್ಲ," ಎಂದಳು ಸೊಸೆ.

ಅಷ್ಟರಲ್ಲಿ ರೆಫೂಜಿಯಾ ಕೂಗಿದಳು: "ಬಾಗಿಲು! ಬಗ್ಗಿ, ಬಗ್ಗಿ! ಮಾತೆಯ ಕಿರೀಟ ಕಮಾನಿಗೆ ತಾಗುತ್ತೆ!"

ಕುಳ್ಳ ಇಗರ್ಜಿಗೆ ಕುಳ್ಳ ಬಾಗಿಲು. ಹೆಂಗಸರೆಲ್ಲ ಮಂಡಿ ಬಗ್ಗಿಸಿದರು. ಬಗ್ಗದೆ ನೆಟ್ಟಗೆ ನಿಂತವಳು ಎರ್ಲಿಂಡಾ ಒಬ್ಬಳೇ. ತೊಲೆ ಇಳಿಯಿತು, ಇಳಿದು ಅವಳ ಹೆಗಲ ಮೇಲೆ ಧೊಪ್ಪನೆ ಕೂತಿತು.

"ಸಿಕ್ತಾ ಅತ್ತೆ?" ಬಗ್ಗಿದ್ದ ಒಡೀಲಿಯಾ ಕೇಳಿದಳು.

"ಸಿಕ್ತು ಕಣೇ, ಸಿಕ್ತು! ಅಮ್ಮಮ್ಮಾ, ಏನು ಭಾರ! ಏಳಬೇಡ ಕಣೇ, ಹೊಸ್ತಿಲು ದಾಟೋವರೆಗೂ ಏಳಬೇಡ!"